ಕಳಕವ್ವನ ಎಮ್ಮೆಗಳೂ ಮೊಂಡ ಮೀಟರೂ

ಮಧ್ಯಾಹ್ನ ಮೂರು ಗಂಟೆಯೊಳಗೆ ಮೆಣಸಗಿಯ ಹೊಳೆದಂಡೆಯ ಹೊಲದಿಂದ ಕಳಕವ್ವನ ನಾಲ್ಕು ಎಮ್ಮೆಗಳನ್ನು ಹೊರತರಬೇಕಿತ್ತು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಮೂರು ದಾಟಿದರೆ ತಗ್ಗಿನ ಹಾದಿ ಮಲಪ್ರಭೆಯ ಪಾಲು. ಗಂಡನಿಲ್ಲದ ಆಕೆಗೆ ಆ ಎಮ್ಮೆಗಳೇ ಬದುಕು.

ರೋಣದಿಂದ ಮೂವರು ಹೊರಟರು: ಕಳಕವ್ವನ ತಮ್ಮ ಗ್ಯಾನಪ್ಪ, ಅವನ ಮಗಳು ಭಾರತಿ, ಮೆಕ್ಯಾನಿಕ್ ದಿಲಾವರ. ಗ್ಯಾನಪ್ಪನ ಲಾರಿ ಭಾರತಿಗಿಂತ ಎರಡು ವರ್ಷ ದೊಡ್ಡದು. ಅದರ ಡೀಸೆಲ್ ಮೀಟರಿನ ಮುಳ್ಳು ದೀಪಾವಳಿಯಿಂದ 'ಫುಲ್' ಬಿಟ್ಟು ಕದಲಿರಲಿಲ್ಲ.

"ಈ ಮುಳ್ಳ ನಂಬಿದ್ರ ಕಾಶಿಗೂ ಹೋಗಬಹುದು," ಎಂದ ದಿಲಾವರ.

"ಮುಳ್ಳ್ಯಾಕ ಬೇಕೋ? ಜ್ವಾಳದ ದಂಟ ಐತಲ್ಲ! ಮುಂಜಾನಿ ಅದ್ದಿ ನೋಡೀನಿ, ಅರ್ಧ ಟ್ಯಾಂಕ್ ಐತಿ."

ಎರೆಹೊಲಗಳು ಮಳೆಯುಂಡು ಕರ್ರಗೆ ಹೊಳೆಯುತ್ತಿದ್ದವು. ಹಾದಿಯ ಎರಡೂ ಬದಿಗೆ ಜಾಲಿಗಿಡಗಳು, ಅವುಗಳಾಚೆ ಕಾಣದ ಹೊಳೆಯ ಭೋರೆಂಬ ಸದ್ದು. ಹೊಲ ಇನ್ನೊಂದು ಮೈಲಿ ಇದೆ ಎನ್ನುವಾಗ ಲಾರಿ ಎರಡು ಸಲ ಬಿಕ್ಕಿ, ನಿಂತುಬಿಟ್ಟಿತು.

"ಡೀಸೆಲ್ ತೀರೈತಿ!" ಗ್ಯಾನಪ್ಪ ಸ್ಟೇರಿಂಗಿಗೆ ಗುದ್ದಿದ.

"ಈಗರ ಅರ್ಧ ಐತಿ ಅಂದೆಲ್ಲಪ್ಪಾ?"

"ಅಂದೆ. ಈಗ ತೀರೈತಿ ಅಂತೀನಿ!"

ದಿಲಾವರ ಮೊಣಕಾಲಿನವರೆಗೆ ಕೆಸರು ತುಳಿದು ಹೋಗಿ, ಯಾರದೋ ಟ್ರ್ಯಾಕ್ಟರಿನಿಂದ ಒಂದು ಕ್ಯಾನು ಡೀಸೆಲ್ ತಂದ. ಸುರಿದರು. ಲಾರಿ ಮಿಸುಕಲಿಲ್ಲ. ಎರಡು ಗಂಟೆ ಆಗಿತ್ತು.

ಭಾರತಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಮಾತಾಡಿ ಫಲವಿಲ್ಲವೆಂದು ತಾನೇ ದಂಟು ತೆಗೆದು ಟ್ಯಾಂಕಿಗೆ ಇಳಿಸಿದಳು. ಅರ್ಧಕ್ಕೂ ಮೇಲೆ ಒದ್ದೆ. ಆದರೆ ಹೊರಬಂದ ದಂಟಿಗೆ ತುದಿಯೇ ಇರಲಿಲ್ಲ.

"ಅಪ್ಪಾ, ಇದು ದಿನಾ ಹಿಂಗ ಮುರೀತಿತ್ತೇನು?"

"ಒಮ್ಮೊಮ್ಮೆ ಮುರೀತಿತ್ತು. ದಂಟ ಅದು, ಕಬ್ಬಿಣ ಅಲ್ಲ."

"ಮುರದ ತುಂಡು ಎಲ್ಲಿಗೆ ಹೋದ್ವು?"

ಗ್ಯಾನಪ್ಪ ಟ್ಯಾಂಕಿನ ಬಾಯೊಳಗೆ ಇಣುಕಿದ.

ದಿಲಾವರ ಟ್ಯಾಂಕಿನ ಮೇಲಿನ ಮೀಟರ್ ತಗಡು ಬಿಚ್ಚಿ ಕೈ ಇಳಿಸಿದ. ಒಂದು ಮುಷ್ಟಿ ದಂಟು ಬಂತು. ಮತ್ತೊಂದು ಮುಷ್ಟಿ. ಡೀಸೆಲ್ ಜೊತೆ ಏರಿಳಿಯಬೇಕಾದ ತೇಲುಗುಂಡನ್ನು ಒಂದು ತುಂಡು ಮೇಲೆತ್ತಿ ಹಿಡಿದಿತ್ತು. ಇನ್ನೆರಡು ಎಂಜಿನ್ನಿಗೆ ಹೋಗುವ ಪೈಪಿನ ಬಾಯಿಗೆ ಬಿರಡೆಯಂತೆ ಕೂತಿದ್ದವು.

"ಕಾಕಾ, ಇದು ಟ್ಯಾಂಕೋ, ಎಮ್ಮಿ ಗ್ವಾದಲಿಯೋ?"

"ಲಗೂ ಹಾಕೋ, ನಗಬ್ಯಾಡ!"

ತಗಡು ಬಿಗಿದರು. ದಿಲಾವರ ಕೈಪಂಪು ಒತ್ತಿ ಒತ್ತಿ ಪೈಪಿನ ಗಾಳಿ ತೆಗೆದ. ಲಾರಿ ಕೆಮ್ಮಿತು, ಹೊಗೆ ಉಗುಳಿತು, ಗುಡುಗಿತು. ಮುಳ್ಳು ನಿಧಾನವಾಗಿ ಇಳಿದು ಅರ್ಧದ ಮೇಲೆ ನಿಂತಿತು.

ಹೊಲದಲ್ಲಿ ಮೂರು ಎಮ್ಮೆಗಳು ಹಲಗೆ ಹತ್ತಿ ಲಾರಿ ಸೇರಿದವು. ಹಿರೇ ಎಮ್ಮೆ ಮಾತ್ರ ಕಾಲೂರಿ ನಿಂತಿತು.

"ಹತ್ತವ್ವಾ, ನಿನ್ನ ಕಾಲ ಬೀಳ್ತೀನಿ," ಕಳಕವ್ವ ಹಗ್ಗ ಜಗ್ಗಿದಳು. ಮೂವರೂ ಹಿಂದಿನಿಂದ ನೂಕಿದರು.

ವಾಪಸು ಬರುವಾಗ ತಗ್ಗಿನಲ್ಲಿ ಹಾದಿ ಕಾಣಲಿಲ್ಲ, ಬರೀ ಕೆಂಪು ನೀರು. ಭಾರತಿ ಇಳಿದಳು. ಮೊಣಕಾಲು ಮುಟ್ಟುವ ನೀರಿನಲ್ಲಿ ಕಾಲಿನಿಂದಲೇ ಹಾದಿಯ ಅಂಚು ತಡವುತ್ತ ಮುಂದೆ ನಡೆದಳು.

"ಬಲಕ್ಕ! ಇನ್ನೂ ಬಲಕ್ಕಪ್ಪಾ! ನಿಂದರಬ್ಯಾಡ!"

ಮೆಲ್ಲಗೆ ಮಾತಾಡುವ ಮಗಳು ಹೀಗೆ ಕೂಗಿದ್ದನ್ನು ಗ್ಯಾನಪ್ಪ ಕೇಳಿರಲೇ ಇಲ್ಲ. ಹೇಳಿದಂತೆ ತಿರುಗಿಸಿದ.

ನೆರೆ ತಟ್ಟದಂತೆ ದಿಬ್ಬದ ಮೇಲೆ ಕಟ್ಟಿದ ಹೊಸ ಊರಲ್ಲಿ ಹಲಗೆ ಇಳಿಸಿದರು. ಮೂರು ಎಮ್ಮೆ ಇಳಿದವು. ಹಿರೇ ಎಮ್ಮೆ ಕದಲಲಿಲ್ಲ.

"ಹತ್ತಾಕೂ ಒಲ್ಲೆ, ಇಳಿಯಾಕೂ ಒಲ್ಲೆ ಅಂತೈತಿ! ಮಾರ್ಬಿಡಕ್ಕಾ ಇದನ್ನ!" ಗ್ಯಾನಪ್ಪ ತಲೆಗೆ ಕೈ ಹಚ್ಚಿದ.

ಕಳಕವ್ವ ಚರಿಗೆ ಹಿಡಿದು ಲಾರಿ ಹತ್ತಿದಳು. ಎಮ್ಮೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಲ್ಲೇ ಹಾಲು ಕರೆಯತೊಡಗಿದಳು.