ಹಾಕಿದವಳೇ ಒಪ್ಪಿಕೊಂಡ ಮದ್ದು

"ಆ ಗಂಜಿ ಕೆಳಗಿಡು! ನಿನ್ನ ಕೈ ಕೂಳು ತಿಂದೇ ನಮ್ಮವ್ವ ಹಿಂಗಾಗಿದ್ದು!"

ಜಗಳೂರಿನಿಂದ ಬಂದಿದ್ದ ನಾದಿನಿ ಲಕ್ಷ್ಮೀದೇವಿ ಕೂಗಿದ ರಭಸಕ್ಕೆ ಮಮತಾಳ ಕೈಯಲ್ಲಿದ್ದ ಬಟ್ಟಲು ಅಲುಗಿ ಗಂಜಿ ಚೆಲ್ಲಿತು. ನ್ಯಾಮತಿಯ ಆ ಮನೆಯ ಬಾಗಿಲಲ್ಲಿ ಆಟೊ ಕಾಯುತ್ತಿತ್ತು. ಮಂಚದ ಮೇಲೆ ಅತ್ತೆ ಗಿಡ್ಡಮ್ಮ ಎಂಜಲನ್ನೂ ನುಂಗಲಾರದೆ ಉಗುಳುತ್ತಾ ಕೂತಿದ್ದಳು.

ಗಿಡ್ಡಮ್ಮನಿಗೆ ಅನ್ನನಾಳದ ಕ್ಯಾನ್ಸರ್. ಮೊದಲು ಮುದ್ದೆ ಇಳಿಯಲಿಲ್ಲ, ಆಮೇಲೆ ಅನ್ನವೂ ನಿಂತಿತು. ಗಡ್ಡೆ ಗಂಟಲಿಗೆ ಹತ್ತಿರವಿದೆ, ಆಪರೇಷನ್ ಬೇಡ, ಕಿಮೋ ಮತ್ತು ರೇಡಿಯೇಷನ್, ಅಂದರೆ ಜನ ಹೇಳುವ ಕರೆಂಟ್, ಎರಡನ್ನೂ ಜೊತೆಯಲ್ಲೇ ಕೊಡೋಣ ಎಂದಿದ್ದರು ದಾವಣಗೆರೆಯ ಡಾಕ್ಟರು. ಔಷಧಿ ಗಡ್ಡೆಯ ಬಲ ಕುಗ್ಗಿಸಿದರೆ ಕಿರಣ ಅದನ್ನು ಸುಡುತ್ತದೆ, ನಡುವೆ ಬಿಟ್ಟರೆ ಮತ್ತೆ ಚಿಗುರುತ್ತದೆ ಎಂದು ಒತ್ತಿ ಹೇಳಿದ್ದರು. ಆದರೆ ಅರ್ಧ ಮುಗಿಯುವಷ್ಟರಲ್ಲಿ ಗಂಟಲೊಳಗೆಲ್ಲ ಬೆಂದಂತಾಗಿ, ಇಳಿಯುತ್ತಿದ್ದ ಹಾಲೂ ಇಳಿಯದಾಯಿತು. ಇದು ಚಿಕಿತ್ಸೆಯ ಉರಿ, ಕ್ರಮೇಣ ಕಡಿಮೆಯಾಗುತ್ತದೆ ಎಂಬ ಮಾತನ್ನು ಕೇಳುವವರು ಯಾರು? ನಮ್ಮ ಕಡೆ ಗಂಟಲಲ್ಲಿ ಕೂಳು ನಿಂತಿತೆಂದರೆ ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ ಎಂದೇ ಅರ್ಥ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. ಇನ್ನು ಒಲೆ ಮುಂದೆ ನಿಲ್ಲುವವಳು ಸೊಸೆಯಾದ ಮೇಲೆ, ಹಾಕಿದವರನ್ನು ಹುಡುಕಲು ಪೊಲೀಸರು ಬೇಕೆ!

"ಲಕ್ಷ್ಮೀ, ಇವತ್ತೂ ಕರೆಂಟ್ ಕೊಡೋದೈತೆ. ತಪ್ಪಿಸಬಾರ್ದು ಅಂದಾರೆ," ಎಂದ ಮಮತಾಳ ಗಂಡ ಕೊಟ್ರೇಶ್ ತಂಗಿಯ ಕೈ ಹಿಡಿದು.

"ಸುಟ್ಟಿದ್ದು ಸಾಲ್ದೇನಣ್ಣ? ಮದ್ದು ತೆಗೆಯೋನ ಹತ್ರ ಹೋದ್ರೆ ಒಂದೇ ವಾಂತೀಲಿ ಎಲ್ಲಾ ಹೊರಗೆ ಬರ್ತೈತೆ. ಏಳವ್ವಾ!"

ಗಿಡ್ಡಮ್ಮ ಎದ್ದೇಬಿಟ್ಟಳು. "ನಾ ಇನ್ನ ದಾವಣಗೆರೆಗೆ ಬರಾಕಿಲ್ಲ. ಇವಳು ಹಾಕಿದ್ದು ಆಸ್ಪತ್ರೆಯೋರಿಗೆ ಹೆಂಗೆ ಗೊತ್ತಾಗ್ತೈತೆ?"

ಮಮತಾ ಬಟ್ಟಲನ್ನು ಕೆಳಗಿಟ್ಟಳು. ಬೆಂದ ಗಂಟಲಲ್ಲಿ ವಾಂತಿ ಮಾಡಿಸಿದರೆ ರಕ್ತ ಕಾರಿಯಾಳು... ಉಳಿದರೂ ಗಡ್ಡೆ ಬಿಟ್ಟೀತೇ? ಹೋಗಲಿ ಎಂದು ಸುಮ್ಮನಿದ್ದರೆ ಯಾರೂ ಅವಳನ್ನು ದೂರುವಂತಿರಲಿಲ್ಲ. ಮದುವೆಯಾದಂದಿನಿಂದ ಈ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವಳಲ್ಲ. ಆದರೂ ತಾನೇ ಬಾಚುವಾಗ ಬಿಳಿಕೂದಲು ಉದುರಿ ಬರಿದಾದ ಆ ತಲೆಯನ್ನು ಕಂಡು ಅವಳಿಗೆ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಓಡಿಬಂದು ಅತ್ತೆಯ ಕಾಲು ಹಿಡಿದಳು.

"ಹೌದು ಅತ್ತೇ! ನಾನೇ ಹಾಕಿದ್ದು!"

ಕಾಲು ಕಿತ್ತುಕೊಳ್ಳಲು ನೋಡಿದ ಅತ್ತೆಯನ್ನು ಮಮತಾ ಬಿಡಲಿಲ್ಲ.

"ಅದು ವಾಂತಿಗೆ ಬರೋ ಮದ್ದಲ್ಲ... ಆ ಕರೆಂಟಿಗೆ, ಆ ಬಾಟ್ಲಿ ಔಷಧಿಗೇ ಕರಗೋದು. ಎರಡೂ ಪೂರಾ ಮುಗಿಸ್ರಿ. ಆಮೇಲೆ ನನ್ನ ಕಡಿದು ಹಾಕ್ರಿ!"

ಲಕ್ಷ್ಮೀದೇವಿಯ ಕೈ ಮಮತಾಳ ಕೆನ್ನೆಗೆ ಅಪ್ಪಳಿಸಿತು. ಕೊಟ್ರೇಶ್ ನಿಜ ಹೇಳಲು ಬಾಯಿ ತೆರೆದ. ಬೇಡವೆಂದು ಹೆಂಡತಿ ಕಣ್ಣಲ್ಲೇ ಬೇಡಿಕೊಂಡಳು. ಗಿಡ್ಡಮ್ಮ ಏದುಸಿರು ಬಿಡುತ್ತಾ, "ಹಾಕಿದೋಳೇ ಒಪ್ಕೊಂಡ ಮೇಲೆ ಇನ್ನೇನೈತೆ... ನಡೀರಿ ದಾವಣಗೆರೆಗೆ," ಎಂದಳು.

ಚಿಕಿತ್ಸೆ ಮುಗಿಯಿತು. ಉರಿ ಇಳಿಯಿತು, ಹಾಲು ಇಳಿಯಿತು, ಅನ್ನ ಇಳಿಯಿತು. ಕೆಲವು ತಿಂಗಳಾದ ಮೇಲೆ ಕೊಳವೆ ಹಾಕಿ ನೋಡಿದ ಡಾಕ್ಟರು, "ಈಗ ಗಡ್ಡೆ ಕಾಣಿಸುತ್ತಿಲ್ಲ. ಆದರೆ ತಪ್ಪದೆ ತೋರಿಸುತ್ತಿರಬೇಕು," ಎಂದರು. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ನೆಂಟರ ಮದುವೆಯಲ್ಲಿ ಮಮತಾ ಬಡಿಸಲು ಹೋದರೆ ಹೆಂಗಸರು ಎಲೆಗೆ ಕೈ ಅಡ್ಡ ಹಿಡಿದರು. ಮನೆಯಲ್ಲಿ ಗಿಡ್ಡಮ್ಮನ ಅಡುಗೆಗೆ ಲಕ್ಷ್ಮೀದೇವಿಯೇ ಬಂದು ನಿಂತಳು.

ಒಂದು ದಿನ ಹಿತ್ತಲಲ್ಲಿ ಕೊಟ್ರೇಶನಿಗೆ ತಡೆಯಲಾಗಲಿಲ್ಲ. "ನಿನ್ನ ನೋಡಾಕಾಗಲ್ಲ ಕಣೇ. ಇವತ್ತು ನಿಜ ಹೇಳೇಬಿಡ್ತೀನಿ."

"ಬ್ಯಾಡ್ರೀ!" ಮಮತಾ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. "ಮದ್ದಿನ ಬೇರು ಉಳಿದೈತೇನೋ ನೋಡಿಸ್ಬೇಕು ಅಂತ ನಾ ಅಂದಿದ್ದಕ್ಕೇ ಅವರು ಈಗ್ಲೂ ಆಸ್ಪತ್ರೆಗೆ ಬರ್ತಿರೋದು. ನಾ ಹಾಕಿಲ್ಲ ಅಂದ್ರೆ, ಮತ್ಯಾರು ಹಾಕಿದ್ರು ಅಂತ ಕೇಳಾಕೆ ಮದ್ದು ತೆಗೆಯೋನ ಹತ್ರ ಹೊಂಟ್ಬಿಡ್ತಾರೆ... ಅವರು ಇರೋಗಂಟ ನಾನೇ ಹಾಕಿದೋಳು."

ಕೊಟ್ರೇಶ್ ಗೋಡೆಗೊರಗಿ ಅತ್ತುಬಿಟ್ಟ. ಒಳಗಿನಿಂದ ಗಿಡ್ಡಮ್ಮನ ಧ್ವನಿ ಕೇಳಿತು. "ಲಕ್ಷ್ಮೀ, ಇನ್ನೊಂಚೂರು ಮುದ್ದೆ ಹಾಕವ್ವಾ... ಅವಳ ಕೈಲಿ ಮಾತ್ರ ಕಳಿಸ್ಬ್ಯಾಡ."

ಮಮತಾ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ತೋಳು ಹಿಡಿದು ಅಲುಗಿಸಿದಳು.

"ಕೇಳಿದ್ರಾ... ಮುದ್ದೆ ಇಳೀತೈತೆ!"