ಫುಮಿ ಆಂಟಿಯ ಅಪ್ಪ ಹೇಳಿದ ‘ಇಲ್ಲ’

“ಪೆನ್ನು ಕೆಳಗಿಡಿ! ಈಗಲೇ!”

ಇಂಗ್ಲಿಷಿನಲ್ಲಿ ಗದರಿದ ಆ ದನಿಗೆ ಬದರಿನಾಥ ಬೆಚ್ಚಿಬಿದ್ದ. ಅಮೆರಿಕದ ಮೇರಿಲ್ಯಾಂಡಿನ ಆ ಸರ್ಕಾರಿ ಹಳೇ ದಾಖಲೆಗಳ ಭವನದಲ್ಲಿ ಓದುತ್ತಾ ಕೂತಿದ್ದವರೆಲ್ಲ ತಲೆಯೆತ್ತಿ ಅವನನ್ನೇ ನೋಡಿದರು.

“ಅಯ್ಯೋ ರಾಮ... ಒಂದು ಪೆನ್ನಿಗೆ ಇಷ್ಟೊಂದು ಕೂಗಾಟನಾ!” ಎಂದು ತನ್ನಷ್ಟಕ್ಕೆ ಗೊಣಗಿದ.

“ಹಳೇ ಕಾಗದದ ಮ್ಯಾಲೆ ಶಾಯಿ ಬಿದ್ರ ಹೋಗಂಗಿಲ್ರೀ. ಪೆನ್ಸಿಲ್ ತಗೋರಿ.”

ಅಚ್ಚ ಧಾರವಾಡದ ಕನ್ನಡ! ಬದರಿ ಬಾಯಿ ತೆರೆದುಕೊಂಡೇ ಕೂತ. ಎದುರಿಗೆ ನಿಂತಿದ್ದವಳು ಸಿದ್ದೇಶ್ವರಿ. ಹನ್ನೆರಡನೇ ವಯಸ್ಸಿಗೆ ಇಂಜಿನಿಯರ್ ಅಪ್ಪನ ಜೊತೆ ಈ ದೇಶಕ್ಕೆ ಬಂದವಳು, ಈಗ ಆ ಓದುವ ಕೋಣೆಯ ಉಸ್ತುವಾರಿ. ನಗಬಾರದೆಂದು ತುಟಿ ಬಿಗಿಹಿಡಿದಿದ್ದಳು, ಆದರೆ ಕಣ್ಣು ಆಗಲೇ ನಕ್ಕುಬಿಟ್ಟಿತ್ತು.

ಅವನ ಮುಂದಿದ್ದ ಪೆಟ್ಟಿಗೆಯ ಮೇಲೆ ಅವಳ ದೃಷ್ಟಿ ಬಿತ್ತು. ಎರಡನೇ ಮಹಾಯುದ್ಧದಲ್ಲಿ ಶತ್ರುದೇಶದವರೆಂಬ ಅನುಮಾನಕ್ಕೆ ಅಮೆರಿಕ ಸರ್ಕಾರ ಶಿಬಿರಗಳಿಗೆ ತಳ್ಳಿದ್ದ ಜಪಾನಿ ಮೂಲದ ಕುಟುಂಬಗಳ ಕಾಗದಗಳು ಅವು.

‘ಮೈಸೂರು ಕಡೆ ಮಾತಿನ ಈ ಹುಡುಗನಿಗೆ ಇದರೊಳಗೇನು ಕೆಲಸ?’

ಕುತೂಹಲ ಅಂದರೆ ಸಿದ್ದೇಶ್ವರಿಗೆ ಹುಟ್ಟುಗುಣ. ಮುಂದಿನ ಗುರುವಾರ ಅವನು ಮತ್ತೆ ಬಂದ. ಅದರ ಮುಂದಿನ ಗುರುವಾರವೂ! ಇನ್ನು ತಡೆಯಲಾಗಲಿಲ್ಲ. ಕೆಫೆಟೀರಿಯಾದಲ್ಲಿ ಅವನೆದುರೇ ತಟ್ಟೆ ಇಟ್ಟು ಕೂತಳು.

“ಹೇಳ್ರಿ, ಏನು ಹುಡುಕ್ಲಿಕ್ಕತ್ತೀರಿ?”

“ಒಂದು ಉತ್ತರ,” ಎಂದ ಬದರಿ. “ಗೈದರ್ಸ್‌ಬರ್ಗ್‌ನಲ್ಲಿ ಫುಮಿ ಆಂಟಿ ಅಂತ ಜಪಾನಿ ಮನೆತನದ ಒಬ್ರ ಬೇಸ್‌ಮೆಂಟ್ ರೆಂಟ್ ಮಾಡಿದೀನಿ. ಬಂದ ಹೊಸದ್ರಲ್ಲಿ ನಂಗೆ ಜ್ವರ ಬಂದಾಗ ಮೂರು ದಿನ ಗಂಜಿ ಮಾಡಿ ಕೊಟ್ರು ಕಣ್ರೀ. ನಮ್ಮಮ್ಮನೇ ನೆನಪಾದ್ರು.”

ಅವನು ಮೆಲ್ಲಗೆ ಎಲ್ಲ ಹೇಳಿದ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಫುಮಿಗೆ ಹದಿನಾರು. ಕ್ಯಾಲಿಫೋರ್ನಿಯಾದಲ್ಲಿ ಅವರದೊಂದು ಸ್ಟ್ರಾಬೆರಿ ತೋಟ. ಹಣ್ಣು ಕೊಯ್ಯುವ ಹೊತ್ತಿಗೇ ಮನೆ ಬಿಟ್ಟು ಶಿಬಿರಕ್ಕೆ ಹೊರಡುವ ಆಜ್ಞೆ ಬಂತು. ಒಂದೇ ವಾರ ಗಡುವು, ಕೈಯಲ್ಲಿ ಹೊರಬಹುದಾದಷ್ಟೇ ಸಾಮಾನು. ಮನೆಮಂದಿಯ ಕೋಟಿಗೆಲ್ಲ ಒಂದೇ ನಂಬರಿನ ಚೀಟಿ ಕಟ್ಟಿ ರೈಲು ಹತ್ತಿಸಿದರು. ಮರುವರ್ಷ ಶಿಬಿರದಲ್ಲಿ ದೊಡ್ಡವರಿಗೆಲ್ಲ ಒಂದು ಪ್ರಶ್ನೆಪತ್ರ ಕೊಟ್ಟರು. ಈ ದೇಶಕ್ಕೆ ನಿಷ್ಠರಾಗಿರುತ್ತೀರಾ? ಫುಮಿಯ ಅಪ್ಪ ‘ಇಲ್ಲ’ ಎಂದುಬಿಟ್ಟ!

“ಇಲ್ಲ ಅಂದವರನ್ನ ಬೇರೆ ಕ್ಯಾಂಪಿಗೆ ಹಾಕಿದ್ರಂತೆ. ಆಂಟಿ ಅವರ ಅಣ್ಣ ಇದೇ ದೇಶದ ಆರ್ಮಿ ಸೇರಿದ್ರು, ಸಾಯೋ ತನಕ ಅಪ್ಪನ ಹತ್ರ ಮಾತಾಡ್ಲಿಲ್ಲ. ಆಂಟೀನೂ ಅಪ್ಪನ್ನ ದ್ವೇಷ ಮಾಡ್ಕೊಂಡೇ ಬೆಳೆದ್ರು. ಆ ಮನುಷ್ಯ ಯಾಕೆ ಹಾಗಂದ್ರು ಅಂತ ಯಾರಿಗೂ ಹೇಳದೇ ಹೋಗ್ಬಿಟ್ರು.” ಬದರಿ ದನಿ ತಗ್ಗಿಸಿದ. “ಮುಂದಿನ ತಿಂಗಳು ಆಂಟಿಗೆ ಹಾರ್ಟ್ ಸರ್ಜರಿ ಇದೆ. ಅದಕ್ಕೆ ಮೊದ್ಲು ತಿಳ್ಕೋಬೇಕಂತೆ...”

ಸಿದ್ದೇಶ್ವರಿಯ ತಟ್ಟೆಯ ಊಟ ಆರಿಹೋಗಿತ್ತು. ಆವತ್ತಿನಿಂದ ಗುರುವಾರ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚೇ ನಿಲ್ಲತೊಡಗಿದಳು. ‘ಬರೀ ಕುತೂಹಲ, ಅಷ್ಟೇ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾವು ನಂಬಬೇಕಲ್ಲ!

ಆರನೇ ಗುರುವಾರ ಎಲ್ಲ ಕೆಟ್ಟಿತು.

ಹೊರಗೆ ಹೋಗುವವರ ಕಾಗದಗಳನ್ನೆಲ್ಲ ಬಾಗಿಲಲ್ಲಿ ತಪಾಸಣೆ ಮಾಡುವುದು ಅಲ್ಲಿನ ಕ್ರಮ. ಬದರಿ ಕರ್ಚೀಫು ತೆಗೆದಾಗ ಕೋಟಿನ ಜೇಬಿನಿಂದ ದಾರ ಕಟ್ಟಿದ ಕಂದು ಚೀಟಿಯೊಂದು ನೆಲಕ್ಕೆ ಬಿತ್ತು. ಅದರ ಮೇಲೆ ಐದಂಕಿಯ ನಂಬರು. ಗಾರ್ಡ್ ಸಿದ್ದೇಶ್ವರಿಯನ್ನು ಕರೆದ.

“ಇದು ಪೆಟ್ಟಿಗಿಯೊಳಗಿಂದೇನು?” ಅವಳು ಚೀಟಿ ಎತ್ತಿಕೊಂಡಳು.

“ಅಲ್ಲ! ಆಂಟೀದು. ನಂಬರ್ ಬೇಕಾಗುತ್ತೆ ಅಂತ ಇವತ್ತು ಕೊಟ್ರು.”

“ಹಂಗಾದ್ರ ಒಳಗ ಬರುವಾಗ ಯಾಕ ತೋರಿಸ್ಲಿಲ್ಲ? ತೋರಿಸಿ ಸೀಲ್ ಹಾಕಿಸ್ಕೋಬೇಕಲ್ಲ!”

“ಸರ್ಕಾರದವರ ಕೈಗೆ ಮಾತ್ರ ಕೊಡ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು...”

ಕಾಗದ ಕದ್ದು ಸಿಕ್ಕಿಬಿದ್ದವರ ಕಥೆಗಳನ್ನು ಅವಳು ಎಷ್ಟೋ ಕೇಳಿದ್ದಳು. ಇದೂ ಅಂಥದ್ದೇ? ಇಷ್ಟು ದಿನದ ಮಾತು, ನಗು, ಎಲ್ಲ ಇದಕ್ಕಾಗಿಯೇ? ಗಾರ್ಡ್ ನೋಡುತ್ತಿದ್ದ. ಅವಳು ಫಾರ್ಮಿಗೆ ಸಹಿ ಹಾಕಿದಳು. ಚೀಟಿ ಜಪ್ತಿಯಾಯಿತು, ಬದರಿಯ ಪ್ರವೇಶದ ಕಾರ್ಡು ರದ್ದಾಯಿತು.

“ನೀವೂ ನಂಬಲ್ವಾ, ಸಿದ್ದೇಶ್ವರಿ?”

ಅವಳು ಫಾರ್ಮನ್ನು ಗಾರ್ಡ್ ಕೈಗೆ ಕೊಟ್ಟಳು. ಅವನು ತಲೆತಗ್ಗಿಸಿಕೊಂಡು ಹೊರಟುಹೋದ.

ಮಾರನೇ ದಿನ ಚೀಟಿಯನ್ನು ಅದರ ಜಾಗಕ್ಕೆ ಸೇರಿಸಲು ಅವನು ನೋಡಿದ್ದ ಪೆಟ್ಟಿಗೆಗಳನ್ನೆಲ್ಲ ತೆಗೆದಳು. ಒಂದರಲ್ಲೂ ಇಂಥ ಚೀಟಿ ಇರಲಿಲ್ಲ. ದಾರ ಪೋಣಿಸಿದ ತೂತಿನ ಸುತ್ತ ಬಟ್ಟೆಯ ನೀಲಿ ಎಳೆ ಅಂಟಿಕೊಂಡಿರುವುದು ಆಗ ಕಂಡಿತು. ಇದನ್ನು ಕಟ್ಟಿದ್ದು ಫೈಲಿಗಲ್ಲ, ಹದಿನಾರರ ಹುಡುಗಿಯೊಬ್ಬಳ ಕೋಟಿಗೆ!

‘ಹಳೇದೆಲ್ಲ ನಮ್ಮ ಆಫೀಸಿಂದೇ ಅಂತ ತಿಳ್ಕೊಂಡ್ನಲ್ಲ! ಐವತ್ನಾಲ್ಕು ವರ್ಷ ಆಕಿ ಕಾಪಾಡಿದ್ದನ್ನ ಒಂದು ನಿಮಿಷದಾಗ ಕಸ್ಕೊಂಡೆ...’

ಮೇಲಧಿಕಾರಿಯ ಬಳಿ ತಪ್ಪೊಪ್ಪಿಕೊಂಡು ಚೀಟಿ ಬಿಡಿಸಿಕೊಂಡಳು. ಅಷ್ಟಕ್ಕೇ ಬಿಡಲಿಲ್ಲ. ಆ ನಂಬರು ಹಿಡಿದು ಹುಡುಕಿದಳು. ಬದರಿ ಆರು ವಾರ ಮೊದಲ ಶಿಬಿರದ ಪೆಟ್ಟಿಗೆಗಳನ್ನೇ ಜಾಲಾಡಿದ್ದ. ಮನುಷ್ಯನನ್ನು ಬೇರೆ ಕಡೆ ಸಾಗಿಸಿದರೆ ಫೈಲೂ ಅವನ ಹಿಂದೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಎರಡನೆಯ ಶಿಬಿರದ ಪೆಟ್ಟಿಗೆಯಲ್ಲಿ ಅಪ್ಪನ ವಿಚಾರಣೆಯ ಹಾಳೆ ಸಿಕ್ಕಿತು. ಓದುತ್ತಾ ಓದುತ್ತಾ ಕಣ್ಣು ಮಂಜಾಯಿತು.

ಭಾನುವಾರ ಅವನ ಕಾರ್ಡಿನ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಫುಮಿ ಆಂಟಿಯ ಮನೆಗೆ ಹೋದಳು. ಬಾಗಿಲು ತೆರೆದ ಬದರಿಯ ಮುಖದಲ್ಲಿ ನಗುವಿರಲಿಲ್ಲ.

“ಆಂಟಿ ಮೂರು ದಿನದಿಂದ ನನ್ನ ಹತ್ರ ಮಾತಾಡ್ತಿಲ್ಲ,” ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದ.

ಒಳಗೆ ಕಿಟಕಿಯ ಬಳಿ ಪುಟ್ಟ ದೇಹದ ಮುದುಕಿ ಕೂತಿದ್ದರು. ಸಿದ್ದೇಶ್ವರಿ ಅವರ ಮುಂದೆ ಮಂಡಿಯೂರಿ ಎರಡೂ ಕೈಯಲ್ಲಿ ಚೀಟಿ ಹಿಡಿದಳು. ಇಂಗ್ಲಿಷಿನಲ್ಲೇ ಹೇಳಿದಳು, “ತಪ್ಪು ನನ್ನದು. ಅವರದಲ್ಲ.”

ಮುದುಕಿ ಚೀಟಿ ತೆಗೆದುಕೊಂಡರು. ಸಿದ್ದೇಶ್ವರಿ ವಿಚಾರಣೆಯ ನಕಲು ಹಾಳೆ ಬಿಡಿಸಿ ಓದತೊಡಗಿದಳು.

“ಪ್ರಶ್ನೆ: ಉತ್ತರ ಬದಲಿಸಲು ಇದು ಕೊನೆಯ ಅವಕಾಶ. ಬದಲಿಸುತ್ತೀರಾ?

“ಉತ್ತರ: ‘ಹೌದು’ ಎಂದರೆ ಜಪಾನೂ ನಮ್ಮ ಕೈಬಿಡುತ್ತದೆಂದು ಹೆದರಿ ನನ್ನ ಹೆಂಡತಿ ‘ಇಲ್ಲ’ ಎಂದು ಬರೆದಿದ್ದಾಳೆ. ಅವಳದನ್ನು ಬದಲಿಸಲು ಬಿಡುತ್ತೀರಾ?

“ಪ್ರಶ್ನೆ: ಅವರ ವಿಚಾರಣೆ ಮುಗಿದಿದೆ.

“ಉತ್ತರ: ಹಾಗಾದರೆ ನನ್ನದೂ ‘ಇಲ್ಲ’. ಅವಳೊಬ್ಬಳನ್ನೇ ರೈಲು ಹತ್ತಿಸಲಾರೆ.”

ಮುದುಕಿ ಹಾಳೆ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು.

“ಅಮ್ಮ...” ಫುಮಿ ಆಂಟಿಯ ತುಟಿ ಅದುರಿತು. “ಮೊದಲು ‘ಇಲ್ಲ’ ಅಂದದ್ದು ಅಮ್ಮನಾ? ಅಪ್ಪನೇ ಹೇಳಿ ಬರೆಸಿದ್ದು ಅಂದುಕೊಂಡಿದ್ದೆವಲ್ಲ! ನಾವು ಅಮ್ಮನನ್ನು ದ್ವೇಷಿಸಬಾರದು ಅಂತ... ಬೈಗುಳ ಎಲ್ಲ ಅಪ್ಪ ತಾನೇ ಹೊತ್ತನಾ? ಅಯ್ಯೋ, ಎಂಥ ಹಟಮಾರಿ ಮುದುಕ!”

ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು. ಬದರಿ ಅವರ ಭುಜ ಬಳಸಿ ಹಿಡಿದ. ಸ್ವಲ್ಪ ಹೊತ್ತಿನ ನಂತರ ಕಣ್ಣೊರೆಸಿಕೊಂಡು ಅವನ ಕೆನ್ನೆ ತಟ್ಟಿ, “ಹುಡುಗಿಯನ್ನು ಕಾರಿನ ತನಕ ಬಿಟ್ಟು ಬಾ,” ಎಂದರು.

ಇಬ್ಬರೂ ಹೊರಗೆ ನಡೆದರು. ಕಾರಿನ ಬಾಗಿಲ ಬಳಿ ಸಿದ್ದೇಶ್ವರಿ ನಿಂತಳು.

“ಆವತ್ತು ನೀವು ಕೇಳಿದ್ರಿ, ನಂಬಂಗಿಲ್ಲೇನು ಅಂತ. ನಂಬಬೇಕು ಅಂತ ಮನಸ್ಸು ಒದರ್ತಿತ್ತು. ಆದ್ರ ಗಾರ್ಡ್ ಮುಂದ ಧೈರ್ಯ ಆಗ್ಲಿಲ್ಲ, ಬದರಿ. ಸಾರಿ...”

ಅವನು ದೀರ್ಘವಾಗಿ ಉಸಿರುಬಿಟ್ಟ. “ತುಂಬಾ ನೋವಾಯ್ತು. ಬೇರೆ ಯಾರಾದ್ರೂ ಕಳ್ಳ ಅಂದಿದ್ರೆ ಜಗಳ ಆಡ್ತಿದ್ದೆ. ನೀವು ಅಂದಿದ್ದಕ್ಕೆ ಮಾತೇ ಬರ್ಲಿಲ್ಲ.”

“ಯಾಕ?”

“ಯಾಕೆ ಅಂತ ನಿಮಗೆ ಗೊತ್ತಿಲ್ವಾ?”

ಅವಳ ಕೆನ್ನೆ ಕೆಂಪಾಯಿತು. ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು!

“ಮುಂದಿನ ಭಾನುವಾರ ನಮ್ಮನಿಗೆ ಊಟಕ್ಕ ಬರ್ರಿ.”

“ನಿಮ್ಮಪ್ಪ ನಾನ್ಯಾರು ಅಂತ ಕೇಳಿದ್ರೆ?”

“ನಾನಽ ಹೇಳ್ತೀನಿ,” ಎಂದಳು ಸಿದ್ದೇಶ್ವರಿ, ಅವನ ಕಣ್ಣಲ್ಲಿ ಕಣ್ಣಿಟ್ಟು. “ಈ ಸಲ ಯಾರ ಮುಂದೂ ಹೆದರಂಗಿಲ್ಲ.”