ಪಾಳಿಗಿಟ್ಟ ಚಪ್ಪಲಿ

ಮಚ್ಚು ನನ್ನ ಕುತ್ತಿಗೆಯ ಮೇಲಿತ್ತು...

"ಅಲುಗಾಡಿದ್ರೆ ಇಲ್ಲೇ ಕಡಿತೀನಿ!" ಎಂದ ವ್ಯಾನಿನ ಡ್ರೈವರ್ ಓಬಣ್ಣ.

ಅಲುಗಾಡಿದೆ. ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿ ಮಣಿಕಟ್ಟು ತಿರುಚಿದೆ. ಮಚ್ಚು ಜಾಲಿಯ ಪೊದೆಗೆ ಹಾರಿತು! ಅವನು ನೆಲಕ್ಕೆ ಬಿದ್ದ.

ಜಗಳೂರಿನಿಂದ ಬಿಳಿಚೋಡಿನ ದಾರಿಯಲ್ಲಿ ಆ ವ್ಯಾನನ್ನು ಬೈಕಿನಲ್ಲಿ ಬೆನ್ನಟ್ಟಿ ಬಂದಿದ್ದೆ. ಒಳಗೆ ಒಂದು ಪೀಪಾಯಿ ಡೀಸೆಲ್. ಕದ್ದ ಮಾಲು! ಬಂಕಿನ ಮಾಲೀಕ ಮುರುಗೇಶಪ್ಪ ನನ್ನನ್ನು ಸಾಕಿದ್ದೇ ಇಂಥ ಕೆಲಸಗಳಿಗೆ.

ಎಂಬತ್ತನೆಯ ಇಸವಿಯ ಬೇಸಿಗೆ ನೆನಪಿದೆಯೇ ನಿಮಗೆ? ಟ್ಯಾಂಕರ್ ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ. ಜನ ಖಾಲಿ ಪೀಪಾಯಿಗಳನ್ನು ಬಂಕಿನೆದುರು ಸಾಲಾಗಿ ನಿಲ್ಲಿಸಿ, ಮೇಲೊಂದು ಚಪ್ಪಲಿ ಇಟ್ಟು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಊರಿಗೆ ಮರಳುತ್ತಿದ್ದರು. ಒಂಟಿ ಚಪ್ಪಲಿಯನ್ನು ಯಾರು ಕದ್ದಾರು? ಚಪ್ಪಲಿ ಇದ್ದಲ್ಲಿ ಪಾಳಿ ಇತ್ತು. ಕಾವಲಿಲ್ಲ, ಚೀಟಿಯಿಲ್ಲ. ಅದನ್ನು ಮುಟ್ಟಿದವನು ಮನುಷ್ಯನಲ್ಲ!

ವ್ಯಾನಿನಿಂದ ಓಬಣ್ಣನ ಅಕ್ಕ ಗಿಡ್ಡಮ್ಮ ಇಳಿದಳು. ಬರಿಗಾಲು. ಕೈಯಲ್ಲಿ ಒಂಟಿ ಚಪ್ಪಲಿ. ಹೊಡೆಯುತ್ತಾಳೆಂದು ಹಿಂದೆ ಸರಿದೆ...

ಹೊಡೆಯಲಿಲ್ಲ.

"ಕಳ್ಳಿ ಅಂತ ಬೆನ್ನತ್ತಿದ್ಯೇನೋ ತಮ್ಮಾ?"

"ಪೀಪಾಯಿ ಮುರುಗೇಶಪ್ಪನವರ ಭಾಮೈದಂದು."

"ಎಣ್ಣೆ ನನ್ನ ಪಾಳೀದು! ನಾಕನೇ ಪೀಪಾಯಿ ನಂದು. ಟ್ಯಾಂಕರ್ ಬಂದಾಗ ನೋಡಿದ್ರೆ ಕಟ್ಟಕಡೇಗೈತೆ! ನನ್ನ ಜಾಗದಾಗೆ ಭಾಮೈದಂದು. ಅದು ತುಂಬಿದ ಮ್ಯಾಗೆ ಅದನ್ನೇ ಎತ್ತಾಕ್ಕೊಂಡು ಬಂದೆ. ಊರಿನ ಬೋರಿನ ಇಂಜಿನ್ ನಿಂತು ಮೂರು ದಿನ ಆತು. ಕುಡಿಯಾಕೆ ಹನಿ ನೀರಿಲ್ಲ."

"ಕರೆಂಟು?"

"ಕಂಬ ಐತೆ, ಕಾಗೆ ಕೂರಾಕೆ. ಅಣು ಒಡದು ಕರೆಂಟ್ ತೆಗಿತಾರಂತೆ, ರೇಡಿಯೋದಾಗೆ ಬಂತು. ನೀರೆತ್ತಾಕೆ ನಮ್ಮೂರಿಗೂ ಒಂದು ಅಣು ಕೊಡ್ಸಪ್ಪಾ!"

ನೆಲದ ಮೇಲೆ ಬಿದ್ದಿದ್ದ ಓಬಣ್ಣನೂ ನಕ್ಕ.

ಅವಳು ನಗಲಿಲ್ಲ. "ನೀನು ಪತ್ತೆ ಮಾಡೋನು ಹೌದಲ್ಲೋ? ನನ್ನ ಮೆಟ್ಟು ಒದ್ದು ಪೀಪಾಯಿ ಹಿಂದಕ್ಕೆ ಉರುಳಿಸಿದೋನ್ನ ಹಿಡ್ಕೊಡು. ತಗ, ಅದರ ಜೋಡಿ ಇದು. ಗುರುತಿಗೆ ಬೇಕಾಗ್ತೈತೆ."

ಚಪ್ಪಲಿ ನನ್ನ ಕೈಗೆ ಬಂತು. ಟೈರಿನ ಅಟ್ಟೆ. ಕಿತ್ತ ಉಂಗುಟಕ್ಕೆ ಸುತ್ತಿದ ತಾಮ್ರದ ತಂತಿ.

ಗುರುತು ಹತ್ತಿತು!

ನಾಲ್ಕು ದಿನದ ಹಿಂದೆ, ನಸುಕಿನಲ್ಲಿ, ಮುರುಗೇಶಪ್ಪನ ಒಂದೇ ಮಾತಿಗೆ... ಅದರ ಜೋಡಿಯನ್ನು ಚರಂಡಿಗೆ ಒದ್ದ ಬೂಟು ಇನ್ನೂ ನನ್ನ ಕಾಲಲ್ಲೇ ಇತ್ತು.

ಹೇಳಬೇಕಿತ್ತು. ಮಚ್ಚಿಗೆ ಹೆದರದವನು ಅದಕ್ಕೆ ಹೆದರಿದೆ.

"ಹುಡುಕ್ತೀನಮ್ಮಾ," ಎಂದೆ. ಆಮೇಲೆ, ಅವಳ ಮುಖ ನೋಡದೆ, "ಓಬಣ್ಣಾ, ಗಾಡಿ ತಿರುಗಿಸು!"

ಡೀಸೆಲ್ ಬಂಕಿಗೆ ಮರಳಿತು. ಮುರುಗೇಶಪ್ಪ ಬೆನ್ನು ತಟ್ಟಿ "ಶಭಾಶ್!" ಎಂದ. ಗಿಡ್ಡಮ್ಮನ ಊರಿನವರು ಮುಂದಿನ ಟ್ಯಾಂಕರಿನವರೆಗೆ ಎರಡು ಹರಿದಾರಿ ನಡೆದು ನೀರು ಹೊತ್ತರಂತೆ.

ಏಳು ವರ್ಷವಾಯಿತು. ಆ ಚಪ್ಪಲಿ ಇನ್ನೂ ನನ್ನ ಬಳಿಯೇ ಇದೆ. ಕೇಸು ಮುಗಿದಿಲ್ಲ.

ಈಗಲೂ ಯಾವ ಪಾಳಿಗಾದರೂ ಸರಿ, ನಾನು ಚಪ್ಪಲಿ ಇಟ್ಟು ಬರುವವನಲ್ಲ. ಬಿಸಿಲಲ್ಲಿ ನಾನೇ ನಿಲ್ಲುತ್ತೇನೆ.

ನನ್ನಂಥವನೊಬ್ಬ ಅಲ್ಲೆಲ್ಲೋ ಸುಳಿದಾಡುತ್ತಿದ್ದರೆ...?